ಬಿಡದಿಯ ಅಂಗಳ, ಎರಡು ಲಾಂಛನ

ಒಂದೇ ಕಾರ್ಖಾನೆ, ಒಂದೇ ಅಡಿಗಟ್ಟು, ಒಂದೇ 2.5 ಲೀಟರ್ ಹೈಬ್ರಿಡ್ ಎಂಜಿನ್. ಒಂದರ ಮೂತಿಯ ಮೇಲೆ ಟೊಯೊಟಾ, ಇನ್ನೊಂದರ ಮೇಲೆ ಲೆಕ್ಸಸ್. ನಡುವೆ ಹದಿನೈದು ಲಕ್ಷ ರೂಪಾಯಿ. ಮಕ್ಕಳು, ಹಿರಿಯರನ್ನು ಕೂರಿಸಿಕೊಂಡು ದಿನಾ ರಸ್ತೆಗಿಳಿಯುವ ಮನೆಗೆ ಯಾವುದು ಸರಿ?

ಆಯುಧಪೂಜೆಯ ಬೆಳಿಗ್ಗೆ ಬೆಂಗಳೂರಿನ ಯಾವುದೇ ಅಪಾರ್ಟ್‌ಮೆಂಟಿನ ನೆಲಮಾಳಿಗೆಗೆ ಇಳಿದು ನೋಡಿ. ಬಾನೆಟ್ ಮೇಲೆ ಅರಿಸಿನ ಕುಂಕುಮ, ವೈಪರಿಗೆ ಸಿಕ್ಕಿಸಿದ ಸೇವಂತಿಗೆ, ನಾಲ್ಕೂ ಚಕ್ರದಡಿ ನಿಂಬೆಹಣ್ಣು, ಒಡೆದ ಬೂದುಗುಂಬಳದ ಹೋಳು. ಪೂಜೆ ಮುಗಿದು ಮನೆಮಂದಿಯೆಲ್ಲ ದೇವಸ್ಥಾನಕ್ಕೆ ಹೊರಡುವಾಗ ಹಿರಿಯರೊಬ್ಬರು ಹಿಂದಿನ ಸೀಟಿಗೆ ಹತ್ತುವುದನ್ನು ಗಮನಿಸಬೇಕು. ಬಾಗಿಲನ್ನು ಪಕ್ಕದ ಕಂಬಕ್ಕೆ ತಾಗದಷ್ಟೇ ತೆರೆದು, ಒಂದು ಕೈಯಲ್ಲಿ ಮೊಮ್ಮಗನ ಭುಜ ಹಿಡಿದು, ಮೊದಲು ಅಡ್ಡಡ್ಡ ಕೂತು, ಆಮೇಲೆ ಒಂದೊಂದೇ ಮಂಡಿಯನ್ನು ಕೈಯಿಂದ ಎತ್ತಿ ಒಳಗಿಟ್ಟುಕೊಳ್ಳುತ್ತಾರೆ. ಆ ಅರ್ಧ ನಿಮಿಷದಲ್ಲಿ ಕಾರಿನ ಬಗ್ಗೆ ತಿಳಿಯುವಷ್ಟು ಷೋರೂಂನ ಹೊಳಪಿನ ನೆಲದ ಮೇಲೆ ಒಂದು ಗಂಟೆ ಸುತ್ತಾಡಿದರೂ ತಿಳಿಯುವುದಿಲ್ಲ.

ಐಷಾರಾಮಿ ಸೆಡಾನ್ ಎಂದರೆ ಮಾತು ತಾನಾಗಿ ಜರ್ಮನಿಯ ಕಡೆ ತಿರುಗುತ್ತದೆ. ಆದರೆ ಕರ್ನಾಟಕದವರಿಗೆ ಇದಕ್ಕಿಂತ ಹತ್ತಿರದ ಆಯ್ಕೆಯೊಂದು ಮೈಸೂರು ರಸ್ತೆಯಲ್ಲೇ ಇದೆ. ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಕ್ಯಾಮ್ರಿ ಹೈಬ್ರಿಡ್ ಜೋಡಣೆಯಾಗುತ್ತದೆ. ಲೆಕ್ಸಸ್ ಇಎಸ್ 300ಎಚ್ ಜೋಡಣೆ ಕೂಡ 2020ರಿಂದ ಅದೇ ಆವರಣದಲ್ಲಿ ಶುರುವಾಯಿತು. ಈಗಿನ ಒಂಬತ್ತನೇ ತಲೆಮಾರಿನ ಕ್ಯಾಮ್ರಿ 2024ರ ಡಿಸೆಂಬರ್‌ನಲ್ಲಿ ಭಾರತಕ್ಕೆ ಬಂದಾಗ ಎಕ್ಸ್ ಶೋರೂಂ ಬೆಲೆ 48 ಲಕ್ಷ. ಇಎಸ್ 300ಎಚ್‌ನ ಆರಂಭಿಕ ಮಾದರಿಯೇ ಆಗ 60 ಲಕ್ಷ ದಾಟಿತ್ತು. 2025ರ ಸೆಪ್ಟೆಂಬರ್ 22ರಂದು, ಆ ವರ್ಷದ ನವರಾತ್ರಿಯ ಮೊದಲ ದಿನ, ದೊಡ್ಡ ಹೈಬ್ರಿಡ್ ಕಾರುಗಳ ಮೇಲಿನ ಒಟ್ಟು ತೆರಿಗೆ ಶೇ 43ರಿಂದ ಶೇ 40ಕ್ಕೆ ಇಳಿದಾಗ ಎರಡರ ಬೆಲೆಯೂ ತುಸು ತಗ್ಗಿತು. ಅಂತರ ಮಾತ್ರ ಹೆಚ್ಚುಕಡಿಮೆ ಹಾಗೇ ಉಳಿಯಿತು: ಸುಮಾರು 15 ಲಕ್ಷ.

ಈ ಎರಡು ಕಾರುಗಳ ನಂಟು ಇಂದು ನಿನ್ನೆಯದಲ್ಲ. 1989ರ ಜನವರಿಯಲ್ಲಿ ಅಮೆರಿಕದ ಡೆಟ್ರಾಯಿಟ್ ಪ್ರದರ್ಶನದಲ್ಲಿ ಟೊಯೊಟಾ ಕಂಪನಿಯು ಲೆಕ್ಸಸ್ ಎಂಬ ಹೊಸ ಹೆಸರನ್ನು ಜಗತ್ತಿಗೆ ಪರಿಚಯಿಸಿತು. ಅಂದು ವೇದಿಕೆ ಏರಿದ್ದು ಎರಡು ಕಾರು. ಎಲ್‌ಎಸ್ 400 ಎಂಬ ದೊಡ್ಡಣ್ಣನನ್ನು ಹೊಸದಾಗಿಯೇ ರೂಪಿಸಲಾಗಿತ್ತು. ಜೊತೆಗಿದ್ದ ಇಎಸ್ 250 ಆಗಿನ ಕ್ಯಾಮ್ರಿಯ ಒಡಲಿನಿಂದಲೇ ಹುಟ್ಟಿದ್ದು. ಮೂರೂವರೆ ದಶಕ ಕಳೆದರೂ ಆ ಬಳ್ಳಿ ಕಡಿದಿಲ್ಲ. ಈಗಿನ ಇಎಸ್ 300ಎಚ್ ಮತ್ತು ಕ್ಯಾಮ್ರಿ ಎರಡೂ ನಿಂತಿರುವುದು ಜಿಎ-ಕೆ ಎಂಬ ಒಂದೇ ಪ್ಲಾಟ್‌ಫಾರ್ಮ್ ಮೇಲೆ. ಎರಡರ ಬಾನೆಟ್ ಅಡಿಯಲ್ಲಿರುವುದೂ ಒಂದೇ ಬಳಗದ 2,487 ಸಿಸಿ ನಾಲ್ಕು ಸಿಲಿಂಡರ್ ಪೆಟ್ರೋಲ್ ಎಂಜಿನ್. ಎರಡೂ ಮುಂದಿನ ಚಕ್ರ ಎಳೆಯುವ ಕಾರು. ಹಾಗಿರುವಾಗ ಕೇಳಬೇಕಾದ ಪ್ರಶ್ನೆ ಬ್ರ್ಯಾಂಡ್ ಯಾವುದು ದೊಡ್ಡದು ಎಂಬುದಲ್ಲ. ಆ ಹದಿನೈದು ಲಕ್ಷದಲ್ಲಿ ಎಷ್ಟು ಪಾಲು ಹಿಂದಿನ ಸೀಟಿನವರೆಗೆ, ಅದೂ ದಿನಾ, ತಲುಪುತ್ತದೆ? ಅಳತೆ ಹಿಡಿದು ಲೆಕ್ಕ ಹಾಕಿದರೆ ಬಹುಪಾಲು ಮನೆಗಳಿಗೆ ಕ್ಯಾಮ್ರಿಯೇ ಸರಿಯಾದ ಆಯ್ಕೆ ಎಂಬುದು ಈ ಲೇಖನದ ವಾದ.

ಹೆಸರಿನ ಒಳಗೊಂದು ಕಿರೀಟ
ಕ್ಯಾಮ್ರಿ ಎಂಬುದು ಕಿರೀಟ ಎಂಬ ಅರ್ಥದ ‘ಕನ್ಮುರಿ’ ಎಂಬ ಜಪಾನಿ ಮಾತಿನಿಂದ ಬಂದ ಹೆಸರು. 1980ರಲ್ಲಿ ‘ಸೆಲಿಕಾ ಕ್ಯಾಮ್ರಿ’ಯಾಗಿ ರಸ್ತೆಗಿಳಿದ ಕಾರು 1982ರಲ್ಲಿ ಬರೀ ಕ್ಯಾಮ್ರಿಯಾಯಿತು. ಲೆಕ್ಸಸ್ ಭಾರತಕ್ಕೆ ಕಾಲಿಟ್ಟಿದ್ದು 2017ರಲ್ಲಿ.

ಮೊದಲು ದಿನನಿತ್ಯದ ಓಡಾಟ ಎಂದರೆ ಏನು ಎಂಬುದನ್ನು ಸ್ಪಷ್ಟ ಮಾಡಿಕೊಳ್ಳೋಣ. ಸಂಚಾರದ ವೇಗವನ್ನು ಅಳೆಯುವ ಟಾಮ್‌ಟಾಮ್ ಸಂಸ್ಥೆಯ 2024ರ ಸೂಚ್ಯಂಕದ ಪ್ರಕಾರ ಬೆಂಗಳೂರಿನಲ್ಲಿ 10 ಕಿಲೋಮೀಟರ್ ಸಾಗಲು ಸರಾಸರಿ 34 ನಿಮಿಷ 10 ಸೆಕೆಂಡ್ ಬೇಕು. ಅಂದರೆ ಗಂಟೆಗೆ ಹದಿನೇಳೂವರೆ ಕಿಲೋಮೀಟರ್. ಸೈಕಲ್ ತುಳಿಯುವವರು ಪಕ್ಕದಲ್ಲೇ ಬರಬಹುದಾದ ವೇಗ ಇದು. ಸಿಲ್ಕ್ ಬೋರ್ಡ್, ಹೆಬ್ಬಾಳ, ಕೆ.ಆರ್. ಪುರದ ಸಂಜೆಯ ದಟ್ಟಣೆಯಲ್ಲಿ ಅದೂ ಇರುವುದಿಲ್ಲ. ಹೀಗಿರುವಾಗ ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡಿನಲ್ಲಿ ಮುಟ್ಟುತ್ತದೆ ಎಂಬ ಅಂಕಿಗೆ ಮನೆಬಳಕೆಯಲ್ಲಿ ಕೆಲಸವೇ ಇಲ್ಲ. ಕ್ಯಾಮ್ರಿಯ ಒಟ್ಟು ಶಕ್ತಿ 230 ಪಿಎಸ್, ಇಎಸ್‌ನದು 218 ಪಿಎಸ್. ಹನ್ನೆರಡು ಕುದುರೆಗಳ ಈ ವ್ಯತ್ಯಾಸ ಹಿಂದೆ ಕೂತು ಹೋಂವರ್ಕ್ ಬರೆಯುವ ಮಗುವಿಗಾಗಲಿ, ತೂಕಡಿಸುವ ತಾತನಿಗಾಗಲಿ ತಿಳಿಯುವುದಿಲ್ಲ. ಅವರಿಗೆ ತಿಳಿಯುವುದು ಬೇರೆ: ಬ್ರೇಕ್ ಒತ್ತಿದಾಗಿನ ಜಗ್ಗು, ನಿಂತಾಗಿನ ಎಂಜಿನ್ ನಡುಕ, ಹಂಪ್ ದಾಟುವಾಗ ಬೆನ್ನಿಗೆ ಬೀಳುವ ಪೆಟ್ಟು.

ಹಾಗಾಗಿ ಈ ವರ್ಗದಲ್ಲಿ ಹೈಬ್ರಿಡ್‌ಗೆ ದೊಡ್ಡ ಮಹತ್ವ. ಟೊಯೊಟಾ ಪದ್ಧತಿಯಲ್ಲಿ ಮಾಮೂಲಿ ಗೇರ್‌ಬಾಕ್ಸ್ ಇಲ್ಲ, ಕ್ಲಚ್ ಇಲ್ಲ. ಎಂಜಿನ್ ಮತ್ತು ಎರಡು ವಿದ್ಯುತ್ ಮೋಟಾರುಗಳನ್ನು ಒಂದು ಗ್ರಹಚಕ್ರ ಗೇರ್ ಬೆಸೆಯುತ್ತದೆ: ನಡುವೆ ಸೂರ್ಯನಂತೆ ಒಂದು ಹಲ್ಲುಚಕ್ರ, ಸುತ್ತ ಗ್ರಹಗಳಂತೆ ತಿರುಗುವ ಚಿಕ್ಕ ಚಕ್ರಗಳು, ಎಲ್ಲವನ್ನೂ ಬಳಸಿದ ಒಂದು ಉಂಗುರ. ನಿಧಾನಗತಿಯಲ್ಲಿ ಎಂಜಿನ್ ಆರಿ ಮೋಟಾರ್ ಒಂದೇ ಕಾರನ್ನು ತಳ್ಳುತ್ತದೆ. ಬ್ರೇಕ್ ಒತ್ತಿದಾಗ ಅದೇ ಮೋಟಾರ್ ಡೈನಮೊ ಆಗಿ, ಬಿಸಿಯಾಗಿ ಹಾರಿಹೋಗಬೇಕಿದ್ದ ಶಕ್ತಿಯನ್ನು ಬ್ಯಾಟರಿಗೆ ಮರಳಿಸುತ್ತದೆ. ಮತ್ತೆ ಎಂಜಿನ್ ಬೇಕಾದಾಗ ಸ್ಟಾರ್ಟರಿನ ಕರಕರ ಸದ್ದಿಲ್ಲದೆ ಮೋಟಾರೇ ಅದನ್ನು ಎಬ್ಬಿಸುತ್ತದೆ. ಬೇರೆ ಕಾರುಗಳಿಗೆ ಶಿಕ್ಷೆಯಾದ ನಿಲ್ಲು–ನಡೆ ದಟ್ಟಣೆಯಲ್ಲೇ ಈ ವ್ಯವಸ್ಥೆ ತನ್ನ ಗುಣ ತೋರುವುದು. ಸಿಗ್ನಲ್‌ನಲ್ಲಿ ನಿಂತಾಗ ಎಸಿ ಓಡುತ್ತಿರುತ್ತದೆ, ಎಂಜಿನ್ ಮೌನವಾಗಿರುತ್ತದೆ. ಇದೇ ಬೆಲೆಯ ಎಷ್ಟೋ ಜರ್ಮನ್ ಸೆಡಾನ್‌ಗಳಲ್ಲಿ 48 ವೋಲ್ಟ್‌ನ ‘ಮೈಲ್ಡ್ ಹೈಬ್ರಿಡ್’ ಇದೆ ನಿಜ. ಅದು ಎಂಜಿನ್ನಿಗೆ ಕೈ ಆಸರೆ ಕೊಡುತ್ತದೆಯೇ ಹೊರತು ಕಾರನ್ನು ತಾನೇ ಎಳೆದು ನಡೆಸುವಷ್ಟು ಬಲದ್ದಲ್ಲ.

ಈ ಗುಣ ಕ್ಯಾಮ್ರಿಗೂ ಇದೆ, ಇಎಸ್‌ಗೂ ಇದೆ. ಆದರೆ ಇಲ್ಲೊಂದು ಮುಖ್ಯ ವಿಷಯವಿದೆ. ಬೆಲೆ ಕಡಿಮೆ ಇರುವ ಕಾರಿನಲ್ಲೇ ಹೊಸ ತಂತ್ರಜ್ಞಾನ ಇದೆ. ಕ್ಯಾಮ್ರಿಯದು ಟೊಯೊಟಾದ ಐದನೇ ತಲೆಮಾರಿನ ಹೈಬ್ರಿಡ್ ವ್ಯವಸ್ಥೆ, ಅದಕ್ಕೆ ಲೀಥಿಯಂ ಅಯಾನ್ ಬ್ಯಾಟರಿ. 2018ರಲ್ಲಿ ಬೀಜಿಂಗ್‌ನಲ್ಲಿ ಅನಾವರಣಗೊಂಡ ಇಎಸ್ ತಲೆಮಾರಿನಲ್ಲಿ ಇರುವುದು ಹಳೆಯ ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿ. ಬಾಳಿಕೆಯಲ್ಲಿ ಅದಕ್ಕೆ ಒಳ್ಳೆಯ ಹೆಸರಿದೆ, ಅನುಮಾನ ಬೇಡ. ಆದರೆ ಅಧಿಕೃತ ಪರೀಕ್ಷೆಯ ಮೈಲೇಜ್‌ನಲ್ಲಿ ಕ್ಯಾಮ್ರಿ ಲೀಟರಿಗೆ 25.49 ಕಿ.ಮೀ. ಕೊಟ್ಟರೆ ಇಎಸ್ 22ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಇದನ್ನೇ ದೊಡ್ಡದು ಮಾಡುವುದೂ ಸರಿಯಲ್ಲ. ವರ್ಷಕ್ಕೆ 12 ಸಾವಿರ ಕಿ.ಮೀ. ಓಡಿಸುವವರಿಗೆ ಇದರಿಂದ ಉಳಿಯುವುದು ಏಳು ಸಾವಿರದಷ್ಟು ರೂಪಾಯಿ. ಅರವತ್ತು ಲಕ್ಷದ ಕಾರು ನೋಡುವವರ ತೀರ್ಮಾನವನ್ನು ಆ ಏಳು ಸಾವಿರ ಬದಲಿಸಬೇಕಿಲ್ಲ. ಬದಲಿಸಬೇಕಾದ್ದು ಬೆಲೆಯ ಅಂತರ, ಮತ್ತು ಅದರ ಬೆನ್ನಿಗೆ ಅಂಟಿ ಬರುವ ತೆರಿಗೆ.

ಕರ್ನಾಟಕದಲ್ಲಿ 20 ಲಕ್ಷ ದಾಟಿದ ಪೆಟ್ರೋಲ್ ಕಾರಿಗೆ ಜೀವಿತಾವಧಿ ತೆರಿಗೆ ಶೇ 18. ಅದರ ಮೇಲೆ ಸೆಸ್ ಬೇರೆ. ಇಷ್ಟು ದುಬಾರಿ ಹೈಬ್ರಿಡ್ ಕೂಡ ಅದೇ ಸಾಲಿನಲ್ಲಿ ನಿಲ್ಲಬೇಕು. ಅಂದರೆ 15 ಲಕ್ಷದ ಅಂತರ ಆರ್‌ಟಿಒ ಬಾಗಿಲು ದಾಟುವಷ್ಟರಲ್ಲಿ 17.7 ಲಕ್ಷ ಆಗಿರುತ್ತದೆ, ಸೆಸ್ ಮತ್ತು ವಿಮೆಯ ಹೆಚ್ಚಳವನ್ನು ಸೇರಿಸದೆಯೇ. ಅಷ್ಟನ್ನು ಶೇ 9ರ ಬಡ್ಡಿಗೆ ಐದು ವರ್ಷದ ಸಾಲ ಮಾಡಿದರೆ ತಿಂಗಳ ಕಂತು 36 ಸಾವಿರದ ಮೇಲೆ. ಕಾರಿನ ಕಂತಲ್ಲ ಇದು, ಎರಡು ಕಾರುಗಳ ನಡುವಿನ ವ್ಯತ್ಯಾಸದ ಕಂತು. 2024ರ ಜುಲೈನಲ್ಲಿ ಉತ್ತರ ಪ್ರದೇಶ ಸರ್ಕಾರ ಪೂರ್ಣ ಪ್ರಮಾಣದ ಹೈಬ್ರಿಡ್ ಕಾರುಗಳಿಗೆ ನೋಂದಣಿ ತೆರಿಗೆಯ ವಿನಾಯಿತಿ ಘೋಷಿಸಿತು. ಬಿಡದಿಯಲ್ಲಿ ತಯಾರಾದ ಕಾರು ರಾಮನಗರಕ್ಕಿಂತ ಲಖನೌದಲ್ಲಿ ಅಗ್ಗವಾಗಿ ಸಿಗುವಂತಾಯಿತು. ಇಂಧನ ಉಳಿಸುವ, ಹೊಗೆ ತಗ್ಗಿಸುವ ಕಾರು ನಮ್ಮ ಮಣ್ಣಿನಲ್ಲೇ ತಯಾರಾಗುವಾಗ ನಮ್ಮ ತೆರಿಗೆಯೂ ಅದನ್ನು ಗುರುತಿಸಬೇಕಿತ್ತು.

ಈಗ ಟೇಪು ಹಿಡಿದು ನೆಲಮಾಳಿಗೆಗೆ ಮರಳೋಣ. ಒಂದು ಕಾರಿನ ನಿಲುಗಡೆಗೆ ಕನಿಷ್ಠ ಜಾಗ 5 ಮೀಟರ್ ಉದ್ದ, ಎರಡೂವರೆ ಮೀಟರ್ ಅಗಲ ಎಂದು ಇಟ್ಟುಕೊಳ್ಳೋಣ. ಕ್ಯಾಮ್ರಿಯ ಉದ್ದ 4,920 ಮಿ.ಮೀ. ಇಎಸ್‌ನದು 4,975. ಕನಿಷ್ಠ ಅಳತೆಯಲ್ಲೇ ಗೆರೆ ಎಳೆದ ಜಾಗದಲ್ಲಿ ಕ್ಯಾಮ್ರಿ ನಿಲ್ಲಿಸಿದರೆ ಒಂದು ಗೇಣಿಗಿಂತ ಕಡಿಮೆ, ಎಂಟು ಸೆಂಟಿಮೀಟರ್ ಉಳಿಯುತ್ತದೆ. ಇಎಸ್ ನಿಲ್ಲಿಸಿದರೆ ಉಳಿಯುವುದು ಎರಡೂವರೆ ಸೆಂಟಿಮೀಟರ್, ಅಂದರೆ ಒಂದು ಅಂಗುಲ. ಹಿಂಬದಿ ಗೋಡೆಗೆ ತಾಗಿಸದೆ ನಿಲ್ಲಿಸಿದರೆ ಮೂತಿ ಓಡಾಟದ ದಾರಿಗೆ ಚಾಚಿಕೊಂಡಿರುತ್ತದೆ. ಅಗಲ ನೋಡಿ: ಕ್ಯಾಮ್ರಿ 1,840 ಮಿ.ಮೀ., ಇಎಸ್ 1,865. ಸರಿಯಾಗಿ ನಡುವೆ ನಿಲ್ಲಿಸಿದರೂ ಎರಡೂ ಬದಿಗೆ ಸಿಗುವುದು ಸುಮಾರು 33 ಅಥವಾ 32 ಸೆಂಟಿಮೀಟರ್. ಪೂಜೆಯ ಬೆಳಿಗ್ಗೆ ಆ ಹಿರಿಯರು ಬಾಗಿಲು ತೆರೆದು ಅಡ್ಡಡ್ಡ ಕೂರುವುದು ಇಷ್ಟೇ ಜಾಗದಲ್ಲಿ. ಕಾರನ್ನು ಹೊರಗೆ ತಂದು ನಿಲ್ಲಿಸಿ ಹತ್ತಿಸುವುದೇ ಲೇಸು.

“ಇಷ್ಟು ದುಡ್ಡು ಹಾಕುವವರು ಇನ್ನೂ ಸ್ವಲ್ಪ ಹಾಕಿ ಮರ್ಸಿಡಿಸ್ ಇ-ಕ್ಲಾಸೋ ಬಿಎಂಡಬ್ಲ್ಯು 5 ಸೀರಿಸ್ಸೋ ತಗೊಳ್ಳಬಾರದೇ” ಎನ್ನುವವರಿಗೂ ಇದೇ ಟೇಪು ಉತ್ತರ ಕೊಡುತ್ತದೆ. ಭಾರತದಲ್ಲಿ ಮಾರುವ ಉದ್ದ ವೀಲ್‌ಬೇಸಿನ ಇ-ಕ್ಲಾಸ್ 5,092 ಮಿ.ಮೀ., 5 ಸೀರಿಸ್ 5,165 ಮಿ.ಮೀ. ಉದ್ದ. ಹಿಂದಿನ ಸೀಟಿನ ವಿಶಾಲತೆಯಲ್ಲಿ ಅವು ಮೇಲು, ಒಪ್ಪಲೇಬೇಕು. ಆದರೆ ಕನಿಷ್ಠ ಅಳತೆಯ ಪಾರ್ಕಿಂಗ್‌ನಲ್ಲಿ ಎರಡೂ ಗೆರೆ ದಾಟಿ ನಿಲ್ಲುತ್ತವೆ. ಚಾಲಕ ಬಾಗಿಲಿಗೆ ತಂದು ನಿಲ್ಲಿಸುವ ಮನೆಗಳಿಗೆ ಅವು ಹೊಂದುತ್ತವೆ. ಶಾಲೆಗೆ ಬಿಟ್ಟು, ತರಕಾರಿ ತಂದು, ಆಸ್ಪತ್ರೆಗೆ ಹೋಗಿ ಬರುವ ಮನೆಯವರೇ ಓಡಿಸುವುದಾದರೆ ಆ ಉದ್ದ ದಿನಕ್ಕೆ ನಾಲ್ಕು ಸಲ ಕಾಡುತ್ತದೆ.

ಹಂಪ್ ಹೇಗಿರಬೇಕು?
ಭಾರತೀಯ ರಸ್ತೆ ಕಾಂಗ್ರೆಸ್‌ನ ಮಾರ್ಗಸೂಚಿಯ ಪ್ರಕಾರ ಗುಂಡು ಬೆನ್ನಿನ ಹಂಪ್‌ನ ಎತ್ತರ 10 ಸೆಂ.ಮೀ., ಅಗಲ 3.7 ಮೀಟರ್. ಗಂಟೆಗೆ 25 ಕಿ.ಮೀ. ವೇಗದಲ್ಲಿ ನೆಮ್ಮದಿಯಾಗಿ ದಾಟಲು ಮಾಡಿದ ಲೆಕ್ಕ ಇದು. ಬಡಾವಣೆಗಳ ಒಳರಸ್ತೆಯಲ್ಲಿ ಒಂದು ಮೊಳ ಅಗಲಕ್ಕೆ ಟಾರು ಗುಡ್ಡೆ ಹಾಕಿದ್ದು ಈ ಲೆಕ್ಕಕ್ಕೆ ಸೇರುವುದಿಲ್ಲ.

ಲೆಕ್ಸಸ್ ಪರವಾಗಿ ಹೇಳಬೇಕಾದ್ದು ಬಹಳ ಇದೆ, ಅದನ್ನು ಮುಚ್ಚಿಟ್ಟು ವಾದ ಗೆಲ್ಲುವುದು ನ್ಯಾಯವಲ್ಲ. ಅದರ ವೀಲ್‌ಬೇಸ್ 2,870 ಮಿ.ಮೀ., ಕ್ಯಾಮ್ರಿಯದು 2,825. ನಲವತ್ತೈದು ಮಿಲಿಮೀಟರ್ ಅಂದರೆ ಎರಡು ಬೆರಳಿಗಿಂತ ತುಸು ಹೆಚ್ಚು. ಮಂಡಿಗೆ ಅಷ್ಟರಿಂದಲೂ ನೆಮ್ಮದಿ ಉಂಟು. ಚಕ್ರದ ಲೋಹದ ಒಳಗೆ ಟೊಳ್ಳು ಕೋಣೆ ಬಿಟ್ಟು ಟೈರಿನ ಗುಂಯ್‌ಗುಡುವಿಕೆಯನ್ನು ಅಲ್ಲೇ ಇಂಗಿಸುವ ವಿನ್ಯಾಸವಿದೆ. ಎಲ್ಲಕ್ಕಿಂತ ದೊಡ್ಡದು ಅದರ ಶಾಕ್ ಅಬ್ಸಾರ್ಬರ್. ಮುಖ್ಯ ಕವಾಟದ ಜೊತೆ ‘ಸ್ವಿಂಗ್ ವಾಲ್ವ್’ ಎಂಬ ಇನ್ನೊಂದು ಸೂಕ್ಷ್ಮ ಕವಾಟ ಇಟ್ಟಿದ್ದಾರೆ. ಮಾಮೂಲಿ ಶಾಕ್‌ನಲ್ಲಿ ಪಿಸ್ಟನ್ ತೀರಾ ಕೊಂಚ ಅಲುಗಿದಾಗ ಎಣ್ಣೆ ಸರಾಗವಾಗಿ ಹರಿಯುವುದಿಲ್ಲ. ಆ ಪುಟ್ಟ ಅದುರು ಹಾಗೇ ಸೀಟಿಗೆ ಏರುತ್ತದೆ. ಸ್ವಿಂಗ್ ವಾಲ್ವ್ ಅಷ್ಟು ಸಣ್ಣ ಚಲನೆಗೂ ಎಣ್ಣೆಗೆ ದಾರಿ ಬಿಡುತ್ತದೆ. ಕಿತ್ತುಹೋದ ಟಾರಿನ ತರಕಲು ಮೇಲೆ, ಸೇತುವೆಯ ಕೀಲುಗಳ ಮೇಲೆ ಇದರ ಉಪಯೋಗ ಬೆನ್ನಿಗೆ ನೇರ ತಿಳಿಯುತ್ತದೆ. ಹದಿನೈದು ಲಕ್ಷದಲ್ಲಿ ದಿನವೂ ಹಿಂದಿನ ಸೀಟಿಗೆ ಮುಟ್ಟುವ ಪಾಲು ಯಾವುದಾದರೂ ಇದ್ದರೆ ಅದು ಇದೇ.

ವಾರಂಟಿಯೂ ಲೆಕ್ಸಸ್ ಕಡೆಗೇ ವಾಲುತ್ತದೆ. 2024ರ ಜೂನ್‌ನಿಂದ ಮಾರಿದ ಹೊಸ ಕಾರುಗಳಿಗೆ ಅದು ಎಂಟು ವರ್ಷ ಅಥವಾ 1.6 ಲಕ್ಷ ಕಿ.ಮೀ. ಭರವಸೆ ಕೊಟ್ಟಿದೆ, ಅದೂ ಇಡೀ ಕಾರಿಗೆ. ಕ್ಯಾಮ್ರಿಯಲ್ಲಿ ಎಂಟು ವರ್ಷದ ರಕ್ಷೆ ಇರುವುದು ಹೈಬ್ರಿಡ್ ಬ್ಯಾಟರಿಗೆ ಮಾತ್ರ. ಉಳಿದದ್ದಕ್ಕೆ ಅವಧಿ ಕಡಿಮೆ, ಹಣ ಕೊಟ್ಟು ವಿಸ್ತರಿಸಿಕೊಳ್ಳಬೇಕು. ಆದರೆ ಆ ವಿಸ್ತರಣೆಗೆ 17 ಲಕ್ಷ ಬೇಕಿಲ್ಲ. ಇನ್ನೊಂದು ಮಾತು: ವಾರಂಟಿ ಕಾಗದದಲ್ಲಿದ್ದರೆ ಸಾಲದು, ಹತ್ತಿರದಲ್ಲಿ ಅದನ್ನು ನಡೆಸಿಕೊಡುವ ಗ್ಯಾರೇಜೂ ಬೇಕು. ಟೊಯೊಟಾ ಸರ್ವೀಸ್ ಜಾಲ ಜಿಲ್ಲಾ ಊರುಗಳವರೆಗೆ ಹಬ್ಬಿದೆ. ಲೆಕ್ಸಸ್‌ನದು ಆಯ್ದ ದೊಡ್ಡ ನಗರಗಳದ್ದು. ಹಬ್ಬಕ್ಕೆ ಶಿವಮೊಗ್ಗಕ್ಕೋ ಹುಬ್ಬಳ್ಳಿಗೋ ಹೋಗಿ ಹದಿನೈದು ದಿನ ಇರುವ ಕುಟುಂಬಕ್ಕೆ ಇದು ಸಣ್ಣ ವಿಷಯವಲ್ಲ. ಜೊತೆಗೆ 2025ರ ಏಪ್ರಿಲ್‌ನಲ್ಲಿ ಶಾಂಘೈ ಪ್ರದರ್ಶನದಲ್ಲಿ ಎಂಟನೇ ತಲೆಮಾರಿನ ಇಎಸ್ ಹೊರಬಿದ್ದಿದೆ. ಇಎಸ್ 300ಎಚ್‌ನ ಈ ಆಕಾರ ಅದಕ್ಕಿಂತ ಹಿಂದಿನದು ಎಂಬುದನ್ನು ತಿಳಿದೇ ದುಡ್ಡು ಕೊಡಬೇಕು. ಮರುಮಾರಾಟದಲ್ಲಿ ಇದು ಲೆಕ್ಕಕ್ಕೆ ಬರುತ್ತದೆ.

ಸುರಕ್ಷತೆಯಲ್ಲಿ ಇಎಸ್‌ಗೆ ಹತ್ತು ಏರ್‌ಬ್ಯಾಗ್, ಕ್ಯಾಮ್ರಿಗೆ ಒಂಬತ್ತು. ಕ್ಯಾಮ್ರಿಯಲ್ಲಿ ರೇಡಾರ್ ಮತ್ತು ಕ್ಯಾಮೆರಾ ಆಧಾರಿತ ‘ಸೇಫ್ಟಿ ಸೆನ್ಸ್ 3.0’ ಇದ್ದು, ಅಡ್ಡಬಂದದ್ದನ್ನು ಕಂಡು ಎಚ್ಚರಿಸಿ ಬ್ರೇಕ್ ಹಾಕುವ ಸಾಮರ್ಥ್ಯವಿದೆ. ಆದರೆ ಐಷಾರಾಮಿ ಕಾರಿನ ಹಿಂದಿನ ಸೀಟಿನಲ್ಲಿ ನಮ್ಮವರು ಮರೆಯುವ ವಸ್ತು ಬೇರೆಯೇ. 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿ ಪ್ರಾಣ ಕಳೆದುಕೊಂಡ ಅಪಘಾತದಲ್ಲಿ ಹಿಂದೆ ಕೂತಿದ್ದ ಇಬ್ಬರೂ ಬೆಲ್ಟ್ ಹಾಕಿರಲಿಲ್ಲ. ಒರಗುವ ಹಿಂದಿನ ಸೀಟು ಈ ಕಾರುಗಳ ದೊಡ್ಡ ಆಕರ್ಷಣೆ. ಗುಂಡಿ ಒತ್ತಿದರೆ ಬೆನ್ನು ಹಿಂದಕ್ಕೆ ವಾಲುತ್ತದೆ. ತೀರಾ ಒರಗಿದಾಗ ಮೇಲಿನ ಬೆಲ್ಟ್ ಎದೆಯಿಂದ ದೂರ ನಿಲ್ಲುತ್ತದೆ, ಕೆಳಗಿನದು ಸೊಂಟದಿಂದ ಹೊಟ್ಟೆಗೆ ಜಾರುತ್ತದೆ. ಕಾರು ಓಡುತ್ತಿರುವಾಗ ಬೆನ್ನನ್ನು ನೇರಕ್ಕೆ ಹತ್ತಿರವೇ ಇಟ್ಟುಕೊಳ್ಳಿ ಎಂದು ಮನೆಯ ಹಿರಿಯರಿಗೆ ಒತ್ತಿ ಹೇಳಲೇಬೇಕು.

ಮಕ್ಕಳಿರುವ ಮನೆ ಇನ್ನೊಂದನ್ನೂ ನೋಡಿಕೊಳ್ಳಬೇಕು. ಎರಡೂ ಕಾರಿನ ಬ್ಯಾಟರಿ ಹಿಂದಿನ ಸೀಟಿನ ಅಡಿಯಲ್ಲಿದೆ. ಹಾಗಾಗಿ ಡಿಕ್ಕಿಯ ಜಾಗ ಉಳಿಯುತ್ತದೆ. ಆದರೆ ಬ್ಯಾಟರಿ ತಣ್ಣಗಿರಲು ಒಳಗಿನ ಗಾಳಿಯನ್ನೇ ಎಳೆದುಕೊಳ್ಳುತ್ತದೆ. ಅದಕ್ಕೆ ಸೀಟಿನ ಬುಡದಲ್ಲಿ, ಕಾಲಿನ ಹಿಮ್ಮಡಿ ತಾಗುವ ಕಡೆ, ಜಾಲರಿಯ ಕಿಂಡಿ ಇದೆ. ಚಕ್ಕುಲಿಯ ಪುಡಿ, ಬೆಕ್ಕಿನ ರೋಮ, ಜಾರಿ ಬಿದ್ದ ಶಾಲು ಅಲ್ಲಿ ಸೇರಿದರೆ ಗಾಳಿ ಕಟ್ಟುತ್ತದೆ, ಬ್ಯಾಟರಿ ಬಿಸಿಯೇರುತ್ತದೆ, ಕಾರಿನ ಶಕ್ತಿ ತಗ್ಗುತ್ತದೆ. ತಿಂಗಳಿಗೊಮ್ಮೆ ಮೆತ್ತನೆ ಬ್ರಷ್ ಹಚ್ಚಿ ವ್ಯಾಕ್ಯೂಮ್ ಕ್ಲೀನರ್‌ನಿಂದ ಧೂಳು ಎಳೆದರೆ ಸಾಕು. ಷೋರೂಂನಲ್ಲಿ ಈ ಕಿಂಡಿ ಎಲ್ಲಿದೆ ತೋರಿಸಿ ಎಂದು ಕೇಳಿ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಬರುವುದು ಬಿಡದಿಯ ಅದೇ ಆವರಣದಿಂದ. ಇನ್ನೋವಾ ಹೈಕ್ರಾಸ್ ಅಲ್ಲೇ ತಯಾರಾಗುತ್ತದೆ, ಅದೂ ಹೈಬ್ರಿಡ್, ಏಳೆಂಟು ಜನ ಕೂರುತ್ತಾರೆ, ಬೆಲೆಯೂ ಕ್ಯಾಮ್ರಿಗಿಂತ ಬಹಳ ಕಡಿಮೆ. ಸೀಟು ಎತ್ತರದಲ್ಲಿರುವುದರಿಂದ ಮಂಡಿನೋವಿನವರು ಬಗ್ಗದೆ ಹತ್ತುತ್ತಾರೆ. ಈ ಆಕ್ಷೇಪಕ್ಕೆ ಪೂರ್ತಿ ಉತ್ತರ ಇಲ್ಲ. ಆರು ಜನ ಒಟ್ಟಿಗೆ ಓಡಾಡುವ ಮನೆ ಸೆಡಾನ್ ವಿಚಾರವನ್ನು ಇಲ್ಲಿಗೇ ಬಿಟ್ಟುಬಿಡುವುದು ಒಳ್ಳೆಯದು. ನಾಲ್ಕು, ಹೆಚ್ಚೆಂದರೆ ಐದು ಜನರ ಮನೆಯಲ್ಲಿ ಮಾತು ಬೇರೆ. ತಗ್ಗಾದ ಕಾರು ತಿರುವಿನಲ್ಲಿ ಅಷ್ಟು ಓಲಾಡುವುದಿಲ್ಲ, ಘಾಟಿ ದಾರಿಯಲ್ಲಿ ಮಕ್ಕಳಿಗೆ ವಾಂತಿಯ ಕಾಟ ಕಡಿಮೆ. ಡಿಕ್ಕಿ ಬೇರೆ ಕೋಣೆಯಾಗಿರುವುದರಿಂದ ಹಿಂದಿನ ಚಕ್ರದ ಸದ್ದು, ಸಾಮಾನಿನ ಸದ್ದು ಎರಡೂ ಅಷ್ಟಾಗಿ ಒಳಗೆ ಬರುವುದಿಲ್ಲ. ಸೆಡಾನ್‌ಗೆ ಹೆಚ್ಚು ಹಣ ಕೊಡುವುದು ಈ ಶಾಂತಿಗಾಗಿ. ಆ ಶಾಂತಿಯ ದೊಡ್ಡ ಪಾಲು ಕ್ಯಾಮ್ರಿಯಲ್ಲೇ ಸಿಗುತ್ತದೆ.

ಹಾಗಾದರೆ ಲೆಕ್ಸಸ್ ಯಾರಿಗೆ? ಮನೆಯಲ್ಲಿ ಬೆನ್ನುಹುರಿಯ ಶಸ್ತ್ರಚಿಕಿತ್ಸೆಯಾದವರೋ, ಸಣ್ಣ ಅದುರೂ ತಡೆಯಲಾಗದವರೋ ಇದ್ದು, ಅವರನ್ನು ವಾರಕ್ಕೆ ಮೂರು ನಾಲ್ಕು ಸಲ ಆಸ್ಪತ್ರೆಗೆ ಕರೆದೊಯ್ಯಬೇಕಾಗಿದ್ದರೆ ಆ ಸ್ವಿಂಗ್ ವಾಲ್ವ್‌ಗೆ ಬೆಲೆ ಕಟ್ಟಲು ಹೊರಗಿನವರಿಗೆ ಹಕ್ಕಿಲ್ಲ. ಆದರೆ ಷೋರೂಂನವರು ತೋರಿಸುವ ನುಣ್ಣನೆಯ ರಸ್ತೆಯಲ್ಲಿ ಅಲ್ಲ, ಆ ಆಸ್ಪತ್ರೆಯ ದಾರಿಯಲ್ಲೇ ಎರಡೂ ಕಾರನ್ನು ಓಡಿಸಿ ನೋಡಬೇಕು. ಸ್ಟೀರಿಂಗ್ ಯಾರ ಕೈಲಿದ್ದರೂ ಸರಿ, ನೋವಿರುವವರು ಹಿಂದಿನ ಎಡಗಡೆ ಕೂತಿರಲಿ. ಯಾವ ಹಂಪ್ ಮೇಲೆ ಅವರು ಸೀಟಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡರು ಎಂಬುದನ್ನು ಕನ್ನಡಿಯಲ್ಲಿ ನೋಡಿಕೊಳ್ಳಿ.